ಕೊಟ್ಟಿಗೆ ನಮ್ಮದು, ಕಾಡೂ ನಮ್ಮದು

(ಮಲೆನಾಡಿನ ಒಂದು ಕಲಿಕಾ ಕೇಂದ್ರದಲ್ಲಿ ಸೇರಿದ ಮಹಿಳೆಯರ ಮುಂದೆ ಆಡಿದ ಮಾತು)



ಹಾಲು ಕರೆದು, ಸಗಣಿ ಬಾಚಿ, ಮಕ್ಕಳಿಗೆ ಊಟ ಬಡಿಸಿ, ಗುಡ್ಡ ಇಳಿದು ಇಷ್ಟು ದೂರ ಬಂದಿದ್ದೀರಿ. ಹೊತ್ತು ಮುಳುಗೋದರೊಳಗೆ ಮನೆ ಸೇರಿ ದನ ಕಟ್ಟಬೇಕು. ಅದು ನಮಗೆ ಗೊತ್ತು. ಅದಕ್ಕೇ ಸುತ್ತಿ ಬಳಸಿ ಮಾತಾಡೋದಿಲ್ಲ. ನೇರ ವಿಷಯಕ್ಕೆ ಬರ್ತೀವಿ.

ನಾವೂ ನಿಮ್ಮ ಹಾಗೆಯೇ ಘಟ್ಟದ ಮೇಲಿನ ಹೆಂಗಸರು. ನಮ್ಮ ಮನೆಯ ಒಂದು ಕಡೆ ಗದ್ದೆ, ಮೂರು ಕಡೆ ಕಾಡು. ಕೊಟ್ಟಿಗೆಯಲ್ಲಿ ನಾಲ್ಕಾರು ದನ. ಅಂಗಳದಲ್ಲಿ ಕೋಳಿ. ಬಾಗಿಲಲ್ಲಿ ಒಂದು ನಾಯಿ. ಇವನ್ನೆಲ್ಲ ಸಾಕೋದು ಹೇಗೆ ಅಂತ ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಅತ್ತೆಯಿಂದ, ಅಮ್ಮನಿಂದ ಕಲಿತಿದ್ದೇವೆ. ಆದರೆ ಕಾಡಿನ ಪ್ರಾಣಿ ಬಂದು ಹಸು ಹೊಡೆದಾಗ ಏನು ಮಾಡಬೇಕು? ಬರದ ಹಾಗೆ ಏನು ಮಾಡಬಹುದು? ಇದನ್ನು ಇವತ್ತು ಕೂತು ಮಾತಾಡೋಣ.

ಹಲಗೆ ಮೇಲೆ ನಾಲ್ಕು ಮಾತು ಬರೆದಿದ್ದೇವೆ. ಎಲ್ಲರೂ ಒಟ್ಟಿಗೆ ಓದಿ.

ಬಾಗಿಲು.
ಹೊತ್ತು.
ಉಣ್ಣಿ.
ಅರ್ಜಿ.

‘ಉಣ್ಣಿ’ಯಲ್ಲಿ ಣಕಾರಕ್ಕೆ ಣ ಒತ್ತು. ‘ಅರ್ಜಿ’ಯಲ್ಲಿ ಅರ್ಕಾವೊತ್ತು. ಸರಿಯಾಗಿ ಓದಿದಿರಿ. ಇವತ್ತಿನ ಮಾತೆಲ್ಲ ಈ ನಾಲ್ಕರಲ್ಲೇ ಇದೆ.

ನಮ್ಮ ದಿನ

ಬೆಳಿಗ್ಗೆ ಕೋಳಿ ಕೂಗೋ ಹೊತ್ತಿಗೆ ನಮಗೆ ಎಚ್ಚರ. ಒಲೆ ಹಚ್ಚೋ ಮೊದಲೇ ಕೊಟ್ಟಿಗೆಗೆ ಇಣುಕಬೇಕು. ದನ ಎಣಿಸಬೇಕು. ಎಲ್ಲ ಇವೆಯಾ? ಕರು ಇದೆಯಾ? ಆಮೇಲೆ ಉಳಿದ ಕೆಲಸ. ಕರು ಬಿಡಬೇಕು. ಹಾಲು ಕರೆಯಬೇಕು. ಸಗಣಿ ಬಾಚಿ ಗೊಬ್ಬರ ಗುಂಡಿಗೆ ಹಾಕಬೇಕು. ದನದ ಕಾಲಡಿಗೆ ಸೊಪ್ಪು ಹಾಸಬೇಕು. ಅಕ್ಕಚ್ಚು ಕೊಡಬೇಕು. ಮೇಯೋಕೆ ಹೊಡೆಯಬೇಕು. ಸಂಜೆ ಬಾರದಿದ್ದರೆ ಗುಡ್ಡ ಹತ್ತಿ ಕೂಗಬೇಕು. ಪಹಣಿ ಯಜಮಾನರ ಹೆಸರಲ್ಲಿ, ಸಗಣಿ ಬುಟ್ಟಿ ನಮ್ಮ ತಲೆ ಮೇಲೆ. ಹೌದೋ ಅಲ್ಲವೋ?

ನಮ್ಮ ದನ ಮಲೆನಾಡು ಗಿಡ್ಡ. ಮೈ ಸಣ್ಣದು. ಹಾಲು ಕಡಿಮೆ. ಆದರೆ ಗುಡ್ಡ ಹತ್ತುತ್ತದೆ, ಮಳೆ ತಡೆಯುತ್ತದೆ, ಸಿಕ್ಕಿದ್ದನ್ನು ಮೇಯುತ್ತದೆ. ಗದ್ದೆಗೂ ಅಡಿಕೆ ತೋಟಕ್ಕೂ ಗೊಬ್ಬರ ಅದರಿಂದಲೇ. ಡೈರಿಗೆ ಹಾಲು ಹಾಕುವವರು ಜೆರ್ಸಿ, ಎಚ್.ಎಫ್. ಮಿಶ್ರತಳಿ ಸಾಕಿದ್ದಾರೆ. ಅವು ಕೊಟ್ಟಿಗೆಯಲ್ಲೇ ಇರುತ್ತವೆ. ಗಿಡ್ಡ ದನ ಮಾತ್ರ ಬ್ಯಾಣಕ್ಕೆ, ಕಾಡಂಚಿಗೆ ಹೋಗುತ್ತದೆ. ತೊಂದರೆ ಶುರುವಾಗೋದು ಅಲ್ಲೇ.

ಆ ಕಾಡಂಚಿನಲ್ಲಿ ಇನ್ನೂ ಯಾರಿದ್ದಾರೆ? ಚಿರತೆ ಇದೆ. ಹುಲಿ ಇದೆ. ಗುಂಪು ಕಟ್ಟಿಕೊಂಡು ಬೇಟೆಯಾಡೋ ಕಾಡುನಾಯಿ ಇದೆ. ಕಾಟಿ ಇದೆ, ಕಡವೆ ಇದೆ, ಕಾಡುಹಂದಿ ಇದೆ. ಕೋಳಿ ಗೂಡಿಗೆ ನುಗ್ಗೋ ಹೆಬ್ಬಾವು ಇದೆ. ಮರದ ಮೇಲೆ ಮಂಗ ಇದೆ. 2022ರ ಎಣಿಕೆಯಲ್ಲಿ ನಮ್ಮ ರಾಜ್ಯದಲ್ಲಿ 563 ಹುಲಿ ಇವೆ ಎಂದು ಲೆಕ್ಕ ಸಿಕ್ಕಿತು. ಇದಕ್ಕಿಂತ ಹೆಚ್ಚು ಹುಲಿ ಇದ್ದದ್ದು ಮಧ್ಯಪ್ರದೇಶದಲ್ಲಿ ಮಾತ್ರ. ಭದ್ರಾ, ಕುದುರೆಮುಖದ ಕಾಡು ನಮ್ಮ ಮಲೆನಾಡಲ್ಲೇ ಇದೆ. ಚಿರತೆಗಂತೂ ದೊಡ್ಡ ಕಾಡೇ ಬೇಕು ಅಂತಿಲ್ಲ. ಊರ ಪಕ್ಕದ ಪೊದೆ ಸಾಕು, ಒಂದು ಕಲ್ಲುಗುಡ್ಡ ಸಾಕು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ದೀಪಾವಳಿ ದಿನ ದನದ ಮೈ ತೊಳೆದು, ಅಡಿಕೆ ಸರ, ಹೂವಿನ ಸರ ಕಟ್ಟಿ ಪೂಜೆ ಮಾಡ್ತೀವಿ. ಅದೇ ಹಬ್ಬದಲ್ಲಿ ಕೆಲವು ಊರುಗಳಲ್ಲಿ ಕಾಡಂಚಿಗೆ ಹೋಗಿ ಹುಲಿಯಪ್ಪನಿಗೆ ಕಾಯಿ ಒಡೀತಾರೆ. ದನ ಕಾಯಪ್ಪಾ ಅಂತ ಹುಲಿಯನ್ನೇ ಕೇಳ್ತಾರೆ. ಹುಲಿ ಇಲ್ಲೇ ಇರುತ್ತದೆ, ನಾವೂ ಇಲ್ಲೇ ಇರ್ತೀವಿ ಅಂತ ಅದರ ಅರ್ಥ.

ಕಾಯಿ ಒಡೆಯೋಣ. ಜೊತೆಗೆ ಬಾಗಿಲೂ ಹಾಕೋಣ.

ಮೊದಲನೇ ಮಾತು: ಬಾಗಿಲು

ಚಿರತೆ ಹಗಲೆಲ್ಲ ಮಲಗಿರುತ್ತದೆ. ಕತ್ತಲಾದ ಮೇಲೆ ತಿರುಗುತ್ತದೆ. ಕಡವೆ ಹಿಡಿಯೋದು ಕಷ್ಟ. ಕಟ್ಟಿ ಹಾಕಿದ ಕರು ಹಿಡಿಯೋದು ಸುಲಭ. ಅದಕ್ಕೇ ಅದು ಊರಿಗೆ ಬರುತ್ತದೆ. ಅದಕ್ಕೆ ಬೇಕಾದ್ದು ನಾಯಿ, ಆಡು, ಕುರಿ, ಕರು. ದೊಡ್ಡ ಹಸುವಿನ ಮೇಲೆ ಚಿರತೆ ಬೀಳೋದು ಕಡಿಮೆ. ಹುಲಿಯಾದರೆ ದೊಡ್ಡ ದನವನ್ನೂ ಕೆಡವುತ್ತದೆ.

ನಿಮ್ಮ ಕೊಟ್ಟಿಗೆಯನ್ನು ಒಂದು ಸಲ ಚಿರತೆಯ ಕಣ್ಣಿಂದ ನೋಡಿ. ದಬ್ಬೆ ಗೋಡೆಯಲ್ಲಿ ಸಂದು ಇದೆಯಾ? ಬಾಗಿಲ ಕೆಳಗೆ ಜಾಗ ಇದೆಯಾ? ಗೋಡೆಗೂ ಮಾಡಿಗೂ ನಡುವೆ ಖಾಲಿ ಇದೆಯಾ? ಅಷ್ಟು ಸಾಕು ಅದಕ್ಕೆ. ಚಿರತೆ ಗೋಡೆ ಹತ್ತುತ್ತದೆ. ಮಾಡಿನ ಮೇಲಿಂದಲೂ ಇಳಿಯುತ್ತದೆ. ಆಡಿನ ದೊಡ್ಡಿಯೊಳಗೆ ಹೊಕ್ಕರೆ ಒಂದನ್ನೇ ಹಿಡಿದು ಹೋಗೋದಿಲ್ಲ. ಆಡುಗಳು ಗಾಬರಿಯಿಂದ ಓಡಾಡ್ತವೆ, ಕೂಗ್ತವೆ. ಚಿರತೆ ಒಂದಾದ ಮೇಲೆ ಒಂದನ್ನು ಕಚ್ಚಿ ಕೆಡವುತ್ತದೆ. ಒಂದೇ ರಾತ್ರಿಯಲ್ಲಿ ದೊಡ್ಡಿಯೇ ಖಾಲಿಯಾಗಬಹುದು.

ಏನು ಮಾಡಬೇಕು?

ಕರು, ಆಡು, ಕುರಿ ರಾತ್ರಿ ಒಳಗೇ ಇರಬೇಕು. ಅಂಗಳದಲ್ಲಿ ಕಟ್ಟಬೇಡಿ. ಸೆಕೆ ಇದ್ದರೂ ಬೇಡ.

ಬಾಗಿಲು ನೆಲ ಮುಟ್ಟುವ ಹಾಗಿರಲಿ. ಚಿಲಕ ಇರಲಿ. ಹಗ್ಗ ಕಟ್ಟಿದರೆ ಸಾಲದು.

ಗೋಡೆ ಮೇಲಿನ ಖಾಲಿ ಜಾಗಕ್ಕೆ ಗಟ್ಟಿ ತಂತಿ ಬಲೆ ಹೊಡೆಯಿರಿ. ಗಾಳಿ ಬರುತ್ತದೆ, ಚಿರತೆ ಬರೋಲ್ಲ. ಕೋಳಿ ಗೂಡಿಗೆ ಸಣ್ಣ ಕಣ್ಣಿನ ಬಲೆ ಬೇಕು. ಹೆಬ್ಬಾವು, ಕಾಡುಬೆಕ್ಕು ಸಣ್ಣ ಸಂದಿನಲ್ಲೂ ತೂರುತ್ತವೆ.

ನಾಯಿಯನ್ನೂ ರಾತ್ರಿ ಒಳಗೆ ಕೂಡಿ. ನಾಯಿ ಮನೆ ಕಾಯುತ್ತದೆ ಅಂತ ಹೊರಗೆ ಕಟ್ಟಿದರೆ ನಾವೇ ಚಿರತೆಯನ್ನು ಊಟಕ್ಕೆ ಕರೆದ ಹಾಗೆ.

ಕೊಟ್ಟಿಗೆ ಸುತ್ತ ಲಂಟಾನ ಪೊದೆ ಇದ್ದರೆ ಸವರಿ ಹಾಕಿ. ಅಡಗೋಕೆ ಜಾಗ ಇಲ್ಲದಿದ್ದರೆ ಅದು ಹತ್ತಿರ ಬರೋಕೆ ಹೆದರುತ್ತದೆ. ಕೋಳಿ ಕೊಯ್ದ ಕಸ, ಸತ್ತ ಕರು ಮನೆ ಹಿಂದೆ ಎಸೆಯಬೇಡಿ. ಆಳವಾಗಿ ಗುಂಡಿ ತೋಡಿ ಹೂಳಿ.

ಹುಲ್ಲು, ಸೌದೆ ರಾಶಿಯಲ್ಲಿ ಇಲಿ ಸೇರಿದರೆ ಹಾವೂ ಸೇರುತ್ತದೆ. ರಾತ್ರಿ ಕೊಟ್ಟಿಗೆಗೆ ಹೋಗುವಾಗ ಬ್ಯಾಟರಿ ಹಿಡಿದೇ ಹೋಗಿ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕಾಲು ಅಲ್ಲಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾವಿನ ವಿಷಕ್ಕೆ ಮದ್ದು ಅಲ್ಲಿದೆ, ಮಂತ್ರದಲ್ಲಿ ಇಲ್ಲ.

ಇದಕ್ಕೆಲ್ಲ ಖರ್ಚಾಗುತ್ತದೆ, ನಿಜ. ಒಂದೇ ಸಲ ಎಲ್ಲ ಮಾಡೋಕೆ ಆಗದಿದ್ದರೆ ಮೊದಲು ಕರು ಕಟ್ಟುವ ಮೂಲೆ ಭದ್ರ ಮಾಡಿ. ಬಲೆ ದುಡ್ಡಿಗೆ ಸಂಘದಲ್ಲಿ ಸಾಲ ಕೇಳಬಹುದು. ಮದುವೆಗೆ, ಹಬ್ಬಕ್ಕೆ ಸಾಲ ಕೊಡುವ ಸಂಘ ಕೊಟ್ಟಿಗೆ ಬಾಗಿಲಿಗೆ ಯಾಕೆ ಕೊಡಬಾರದು?

ಎರಡನೇ ಮಾತು: ಹೊತ್ತು

ಚಿರತೆ, ಹುಲಿ ಹೆಚ್ಚು ತಿರುಗೋದು ಸಂಜೆ ಕತ್ತಲಾಗುವಾಗ, ರಾತ್ರಿ, ಬೆಳಗಿನ ಜಾವ. ಆ ಹೊತ್ತು ಅವುಗಳದ್ದು. ನಡು ಹಗಲು ನಮ್ಮದು. ಹೊತ್ತು ಹಂಚಿಕೊಂಡರೆ ಅರ್ಧ ಜಗಳ ಕಡಿಮೆ.

ಬಿಸಿಲು ಬಿದ್ದ ಮೇಲೆ ದನ ಬಿಡಿ. ದೀಪ ಹಚ್ಚೋ ಮೊದಲು ದನ ಮನೆಯಲ್ಲಿರಲಿ. ಸಂಜೆ ಬಂದ ಹಸುವಿಗೆ ಒಂದು ಹಿಡಿ ಹಿಂಡಿ, ಸ್ವಲ್ಪ ಉಪ್ಪು ಕಲಸಿದ ಅಕ್ಕಚ್ಚು ಕೊಡೋ ಅಭ್ಯಾಸ ಮಾಡಿ. ಆ ಆಸೆಗೆ ದನ ತಾನೇ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತದೆ. ಕೊರಳಿಗೆ ಗಂಟೆ ಇರಲಿ. ಎಲ್ಲಿದೆ ಅಂತ ಗೊತ್ತಾಗುತ್ತದೆ. ದನದ ಜೊತೆ ಕಾಯುವವರು ಒಬ್ಬರು ಇದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ ಒಂದು ಮನೆಯವರಂತೆ ಪಾಳಿ ಹಾಕಿಕೊಂಡರೆ ಯಾರಿಗೂ ಭಾರವಿಲ್ಲ.

ತುಂಬು ಗಬ್ಬದ ಹಸುವನ್ನು ಕಾಡಿಗೆ ಬಿಡಬೇಡಿ. ಗಿಡ್ಡ ಹಸು ಪೊದೆ ಮರೆಗೆ ಹೋಗಿ ಕರು ಹಾಕೋದು ನಿಮಗೆ ಗೊತ್ತೇ ಇದೆ. ಆಗ ತಾಯಿಗೂ ಓಡೋಕೆ ಆಗಲ್ಲ, ಕರುವಿಗೂ ಆಗಲ್ಲ. ಕೆಚ್ಚಲು ಇಳಿದ ಮೇಲೆ ಮನೆ ಹತ್ತಿರವೇ ಕಟ್ಟಿ. ಈಗ ನಮಗೆ ಬರೆಯೋಕೆ ಬರುತ್ತದೆ. ಹೋರಿ ಕೊಡಿಸಿದ ದಿನ, ಇಲ್ಲವೇ ಸೂಜಿ ಹಾಕಿಸಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಸು ಗಬ್ಬದಲ್ಲಿರೋದು ಸುಮಾರು 280 ದಿನ. ಅಂದರೆ ಒಂಬತ್ತು ತಿಂಗಳು ಹತ್ತು ದಿನ. ಎಣಿಸಿ ಆ ದಿನಕ್ಕೂ ಒಂದು ಗುರುತು ಹಾಕಿ. ಅದಕ್ಕೆ ಹದಿನೈದು ದಿನ ಮುಂಚೆಯೇ ಹಸು ಕೊಟ್ಟಿಗೆಯಲ್ಲಿರಲಿ.

ಇನ್ನು ನಮ್ಮ ಜೀವದ ಮಾತು. ಹುಲ್ಲು ಕೊಯ್ಯೋಕೆ, ಸೊಪ್ಪು ತರೋಕೆ ಹೋಗೋರು ನಾವೇ. ಬಗ್ಗಿ ಕೂತ ಮನುಷ್ಯರು ಚಿರತೆ ಕಣ್ಣಿಗೆ ಸಣ್ಣ ಪ್ರಾಣಿಯ ಹಾಗೆ ಕಾಣಬಹುದು. ಒಬ್ಬರೇ ಹೋಗಬೇಡಿ. ಇಬ್ಬರು ಮೂವರು ಹೋಗಿ. ಗಟ್ಟಿಯಾಗಿ ಮಾತಾಡ್ತಾ ಇರಿ. ಹೆಂಗಸರು ಗಟ್ಟಿಯಾಗಿ ಮಾತಾಡಬಾರದು ಅಂತಾರಲ್ಲ, ಕಾಡಿನಲ್ಲಿ ಮಾತ್ರ ಆ ಮಾತು ಕೇಳಲೇಬೇಡಿ. ಮಾತಿನ ಸದ್ದು ಕೇಳಿದರೆ ಚಿರತೆ ತಾನೇ ದೂರ ಹೋಗುತ್ತದೆ.

ಎದುರಿಗೇ ಸಿಕ್ಕರೆ? ಓಡಬೇಡಿ. ಬೆನ್ನು ತಿರುಗಿಸಬೇಡಿ. ಬಗ್ಗಬೇಡಿ. ಮಗು ಇದ್ದರೆ ಎತ್ತಿಕೊಳ್ಳಿ. ನೆಟ್ಟಗೆ ನಿಂತು, ಕೈ ಮೇಲೆತ್ತಿ, ಗಟ್ಟಿಯಾಗಿ ಕೂಗಿ. ಅದಕ್ಕೆ ಹೋಗೋಕೆ ದಾರಿ ಬಿಟ್ಟು ಮೆಲ್ಲಗೆ ಹಿಂದೆ ಸರಿಯಿರಿ. ಕಾಟಿ ಸಿಕ್ಕರೂ ಅಷ್ಟೇ. ಹತ್ತಿರ ಹೋಗಬೇಡಿ, ಕಲ್ಲು ಹೊಡೆಯಬೇಡಿ. ಅದು ರಸ್ತೆ ದಾಟುವವರೆಗೆ ದೂರದಲ್ಲೇ ನಿಲ್ಲಿ.

ಮೂರನೇ ಮಾತು: ಉಣ್ಣಿ

ಚಿರತೆಗೆ ಎಲ್ಲರೂ ಹೆದರುತ್ತಾರೆ. ಉಣ್ಣಿಗೆ ಯಾರೂ ಹೆದರೋದಿಲ್ಲ. ಆದರೆ ನಮ್ಮ ಮಲೆನಾಡಿನಲ್ಲಿ ಎಷ್ಟೋ ಮನೆಯ ದೀಪ ಆರಿಸಿದ್ದು ಈ ಉಣ್ಣಿ. ಮರಿ ಉಣ್ಣಿ ಎಳ್ಳು ಕಾಳಿಗಿಂತ ಸಣ್ಣದು. ಕಚ್ಚಿದ್ದೂ ಗೊತ್ತಾಗೋದಿಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತವು. ಅದರ ಜೊತೆಗೇ ಸುತ್ತಲಿನ ಊರಿನ ಜನಕ್ಕೂ ಜ್ವರ ಬಂತು. ಕೆಲವರು ತೀರಿಕೊಂಡರು. ಅದಕ್ಕೇ ಜನ ಮಂಗನ ಕಾಯಿಲೆ ಅಂದರು. ವೈದ್ಯರು ಕ್ಯಾಸನೂರು ಕಾಡಿನ ಕಾಯಿಲೆ ಅಂತ ಹೆಸರಿಟ್ಟರು. ನಮ್ಮ ಒಂದು ಕಾಡಿನ ಹೆಸರು ಲೋಕದ ವೈದ್ಯ ಪುಸ್ತಕಗಳಿಗೆಲ್ಲ ಹೋಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಮತ್ತೆ ಹಲವರ ಜೀವ ಹೋಯಿತು.

ಈ ಕಾಯಿಲೆ ಹರಡೋದು ಹೀಗೆ. ರೋಗಾಣು ಕಾಡಿನ ಉಣ್ಣಿಯಲ್ಲಿ ಇರುತ್ತದೆ. ಉಣ್ಣಿ ಮಂಗನಿಗೆ ಕಚ್ಚಿದರೆ ಮಂಗ ಸಾಯುತ್ತದೆ. ಸತ್ತ ಮಂಗನ ಮೈಯಿಂದ ಉಣ್ಣಿಗಳು ನೆಲಕ್ಕೆ ಉದುರುತ್ತವೆ. ತರಗೆಲೆಯಲ್ಲಿ ಕಾದು ಕೂತಿರುತ್ತವೆ. ಆ ದಾರಿಯಲ್ಲಿ ನಾವು ಹೋದರೆ ನಮಗೆ ಕಚ್ಚುತ್ತವೆ. ದನಕ್ಕೂ ಹತ್ತುತ್ತವೆ. ದನ ಈ ಕಾಯಿಲೆಯಿಂದ ಮಲಗೋದಿಲ್ಲ. ಆದರೆ ದನದ ರಕ್ತ ಕುಡಿದು ಉಣ್ಣಿ ಬೆಳೆಯುತ್ತದೆ, ಮೊಟ್ಟೆ ಇಡುತ್ತದೆ. ದನದ ಮೈ ಹತ್ತಿ ಮನೆ ಬಾಗಿಲಿಗೂ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟೋದಿಲ್ಲ. ಕಾಯಿಲೆ ಬಂದವರನ್ನು ಹೆದರದೆ ನೋಡಿಕೊಳ್ಳಿ. ದೂರ ಇಡಬೇಡಿ.

ನವೆಂಬರ್‌ನಿಂದ ಮೇ ತಿಂಗಳವರೆಗೆ ಎಚ್ಚರ ಬೇಕು. ನಾವು ಕೊಟ್ಟಿಗೆಗೆ ತರಗು ಗುಡಿಸಿ ತರೋದೂ ಇದೇ ಕಾಲದಲ್ಲಿ. ಇದನ್ನು ಗಮನ ಇಟ್ಟು ಕೇಳಿ. ಮಂಗ ಸತ್ತ ಕಾಡಿನಿಂದ ತರಗು ತರಲೇಬೇಡಿ. ಆ ಕಡೆ ದನವನ್ನೂ ಬಿಡಬೇಡಿ. ಕೊಟ್ಟಿಗೆಗೆ ಭತ್ತದ ಹುಲ್ಲು, ತೋಟದ ಸೋಗೆ ಹಾಸಿ.

ಸತ್ತ ಮಂಗ ಕಂಡರೆ ಮುಟ್ಟಬೇಡಿ. ಆಶಾ ಕಾರ್ಯಕರ್ತೆಗೆ ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಿ.

ಕಾಡಿಗೆ ಹೋಗಲೇಬೇಕಾದರೆ ಮೈ ತುಂಬ ಬಟ್ಟೆ ಹಾಕಿ. ಯಜಮಾನರ ಹಳೇ ಅಂಗಿ, ಪ್ಯಾಂಟು ಹಾಕಿಕೊಂಡರೆ ಏನೂ ತಪ್ಪಿಲ್ಲ. ಉಣ್ಣಿ ಹತ್ತದ ಹಾಗೆ ಕೈ ಕಾಲಿಗೆ ಹಚ್ಚುವ ಎಣ್ಣೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ವಾಪಸ್ ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಬಿಸಿನೀರಲ್ಲಿ ಸ್ನಾನ ಮಾಡಿ. ಮಕ್ಕಳ ಕಿವಿ ಹಿಂದೆ, ಕಂಕುಳಲ್ಲಿ ಉಣ್ಣಿ ಇದೆಯಾ ನೋಡಿ.

ದನದ ಮೈಯ ಉಣ್ಣಿಗೆ ಪಶು ವೈದ್ಯರು ಔಷಧ ಕೊಡ್ತಾರೆ. ಅವರು ಹೇಳಿದ ಅಳತೆಯಲ್ಲೇ ಹಚ್ಚಿ. ತೋಟಕ್ಕೆ ಹೊಡೆಯೋ ವಿಷ ತಂದು ಅಂದಾಜಿನ ಮೇಲೆ ದನಕ್ಕೆ ಬಳಿಯಬೇಡಿ. ದನ ನೆಕ್ಕಿಕೊಂಡು ಸಾಯುತ್ತದೆ.

ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು, ವಾಂತಿ ಬಂದರೆ ಮನೆಯಲ್ಲಿ ಕಷಾಯ ಕುಡಿದು ಕೂರಬೇಡಿ. ಮೊದಲ ದಿನವೇ ಆಸ್ಪತ್ರೆಗೆ ಹೋಗಿ. ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ. ಕೆಲವರಿಗೆ ಮೂಗಿನಿಂದ, ಒಸಡಿನಿಂದ ರಕ್ತ ಬರುತ್ತದೆ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯಬಹುದು. ಉಳಿದವರು ಬದುಕುತ್ತಾರೆ. ಬೇಗ ಆಸ್ಪತ್ರೆ ಸೇರಿದಷ್ಟೂ ಒಳ್ಳೆಯದು. ಮೊದಲು ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. ಅದಕ್ಕೇ ನಮ್ಮ ಎಚ್ಚರವೇ ಮೊದಲ ಮದ್ದು.

ದನಗಳ ಲಸಿಕೆ ಮಾತ್ರ ತಪ್ಪಿಸಬೇಡಿ. ಹಿಂದೆ ‘ದೊಡ್ಡ ರೋಗ’ ಅಂತ ಬರುತ್ತಿತ್ತು. ಅದು ಬಂದರೆ ಕೊಟ್ಟಿಗೆ ದನವೂ ಸಾಯುತ್ತಿತ್ತು, ಕಾಡಿನ ಕಾಟಿಯೂ ಸಾಯುತ್ತಿತ್ತು. ಊರೂರು ತಿರುಗಿ ಲಸಿಕೆ ಹಾಕಿದರು. 2011ರಲ್ಲಿ ಆ ರೋಗ ಇಡೀ ಲೋಕದಿಂದಲೇ ಹೋಯಿತು ಅಂತ ಸಾರಿದರು. ಈಗ ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕ್ತಾರೆ. ದುಡ್ಡು ಕೊಡಬೇಕಾಗಿಲ್ಲ. ಆ ದಿನ ದನ ಮೇಯೋಕೆ ಬಿಡದೆ ಮನೆಯಲ್ಲೇ ಕಟ್ಟಿ. ಹಸುವಿನ ಕಿವಿಗೆ ಹಾಕಿದ ಓಲೆಯಲ್ಲಿ 12 ಅಂಕಿ ಇರುತ್ತದೆ. ಅದನ್ನು ಓದಿ ಒಂದು ಪುಸ್ತಕದಲ್ಲಿ ಬರೆದಿಡಿ. ಯಾಕೆ ಅಂತ ಈಗ ಹೇಳ್ತೀವಿ.

ನಾಲ್ಕನೇ ಮಾತು: ಅರ್ಜಿ

ಎಷ್ಟು ಎಚ್ಚರ ಇದ್ದರೂ ಒಂದು ದಿನ ಹಸು ಮನೆಗೆ ಬಾರದೇ ಹೋಗಬಹುದು. ಆಗ ಹೊಟ್ಟೆ ಉರಿಯುತ್ತದೆ. ಮನೆಯ ಮಗುವಿನ ಹಾಗೆ ಸಾಕಿದ ಜೀವ. ಹಾಲಿನ ದುಡ್ಡೂ ಹೋಯಿತು, ಗೊಬ್ಬರವೂ ಹೋಯಿತು. ಆ ಸಿಟ್ಟಿನಲ್ಲಿ ಕೆಲವರು ಸತ್ತ ಹಸುವಿನ ಮೈಗೆ ವಿಷ ಹಾಕ್ತಾರೆ.

2025ರ ಜೂನ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಹೀಗೇ ಆಯಿತು. ಹುಲಿ ಒಂದು ಹಸುವನ್ನು ಕೊಂದಿತ್ತು. ಆ ಹಸುವಿನ ಹೆಣಕ್ಕೆ ವಿಷ ಹಾಕಿದ್ದರು. ತಾಯಿ ಹುಲಿ, ಅದರ ನಾಲ್ಕು ಮರಿ, ಒಟ್ಟು ಐದು ಹುಲಿ ಸತ್ತು ಬಿದ್ದವು. ಕೆಲವರನ್ನು ಹಿಡಿದರು. ಹುಲಿಯೂ ಹೋಯಿತು, ಹಸುವೂ ಬರಲಿಲ್ಲ. ಮನೆಯ ಗಂಡಸು ಜೈಲಿಗೆ ಹೋದರೆ ಮನೆಯ ಹೆಂಗಸಿನ ಗತಿ ಏನು?

ನಮ್ಮ ಕಡೆಯ ಒಬ್ಬ ಅಕ್ಕನ ಮಾತು ಹೇಳ್ತೀವಿ. ಚೊಚ್ಚಲು ಕರು ಹಾಕಿದ ಹಸು ಅವರದ್ದು. ಕೆಂಪಿ ಅಂತ ಹೆಸರು. ಒಂದು ಸಂಜೆ ಕೆಂಪಿ ಬರಲಿಲ್ಲ. ಮಾರನೇ ದಿನ ಹಳ್ಳದ ಮೇಲೆ ಕಾಗೆ ಹಾರೋದು ನೋಡಿ ಹೋದರೆ, ಕೆಂಪಿ ಸತ್ತು ಬಿದ್ದಿತ್ತು. ಮನೆಯಲ್ಲಿ ಕರು ಕೂಗುತ್ತಾ ಇತ್ತು. ಮೈದುನ ವಿಷದ ಬಾಟಲಿ ಹಿಡಿದು ಬಂದ.

“ಅತ್ತಿಗೆ, ರಾತ್ರಿ ಅದು ತಿನ್ನೋಕೆ ಬಂದೇ ಬರುತ್ತೆ. ಇದನ್ನ ಹಚ್ಚಿಬಿಟ್ರೆ ಮುಗೀತು.”

ಆ ಅಕ್ಕ ಅಂದರು: “ಬೇಡ ತಮ್ಮಾ. ಅದೊಂದೇ ಬರುತ್ತೆ ಅಂತ ಯಾರು ಹೇಳಿದ್ರು? ನಮ್ಮ ನಾಯೀನೂ ಬರುತ್ತೆ, ಹದ್ದು ಕಾಗೇನೂ ಬರುತ್ತೆ. ಕೆಳಗೆ ನಾವು ನೀರು ತುಂಬೋ ಹಳ್ಳ ಇದೆ. ನಾಳೆ ನಿನ್ನನ್ನ ಹಿಡ್ಕೊಂಡು ಹೋದ್ರೆ ನಿನ್ನ ಮಕ್ಕಳಿಗೆ ಅನ್ನ ಹಾಕೋರು ಯಾರು? ಬಾಟಲಿ ಆ ಕಡೆ ಇಡು. ಫೋನ್ ಮಾಡು.”

ಮೈದುನ ಫೋನ್ ಮಾಡಿದ. ಅರಣ್ಯ ಇಲಾಖೆಯವರು ಬಂದು ಹೆಜ್ಜೆ ಗುರುತು, ಹಲ್ಲಿನ ಗುರುತು ನೋಡಿದರು. ಪಶು ವೈದ್ಯರು ಬಂದರು. ಅಕ್ಕ ರಾತ್ರಿ ಕೂತು, ಕೇಂದ್ರದಲ್ಲಿ ಕಲಿತ ಅಕ್ಷರದಲ್ಲಿ ತಾವೇ ಅರ್ಜಿ ಬರೆದರು. ಕಚೇರಿಗೆ ಹೋದಾಗ ಒಬ್ಬರು, “ಯಜಮಾನರನ್ನ ಕಳಿಸಮ್ಮ” ಅಂದರು. ಅಕ್ಕ ಬಿಡಲಿಲ್ಲ. “ಹಸು ಸಾಕಿದ್ದು ನಾನು. ಅರ್ಜಿ ಬರೆದಿದ್ದು ನಾನು. ಸಹಿ ನಂದು. ತಗೊಂಡಿದ್ದಕ್ಕೆ ಒಂದು ಚೀಟಿ ಕೊಡಿ ಸ್ವಾಮಿ” ಅಂದರು. ಚೀಟಿ ಬಂತು. ತಿಂಗಳುಗಟ್ಟಲೆ ಕಾದ ಮೇಲೆ ದುಡ್ಡೂ ಅವರ ಪಾಸ್ ಪುಸ್ತಕಕ್ಕೆ ಬಂತು. ಕೆಂಪಿಯ ಬೆಲೆ ಪೂರ್ತಿ ಬರಲಿಲ್ಲ. ಆದರೆ ಬಂದ ದುಡ್ಡಿನಲ್ಲಿ ಕೊಟ್ಟಿಗೆಗೆ ಬಾಗಿಲು ಆಯಿತು. ಕೆಂಪಿಯ ಕರು ಈಗ ಕಡಸಾಗಿದೆ.

ಕಾನೂನು ಏನು ಹೇಳುತ್ತದೆ? 1972ರಲ್ಲಿ ವನ್ಯಜೀವಿ ರಕ್ಷಣಾ ಕಾಯ್ದೆ ಬಂತು. ಹುಲಿ, ಚಿರತೆಯನ್ನು ಕೊಂದರೆ ಮೂರು ವರ್ಷದಿಂದ ಏಳು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇನ್ನೊಂದು ಕಡೆ, ಕಾಡುಪ್ರಾಣಿಯಿಂದ ದನ ಸತ್ತರೆ ಸರ್ಕಾರ ದುಡ್ಡು ಕೊಡುತ್ತದೆ. ಕಚೇರಿಯವರು ಅದಕ್ಕೆ ‘ದಯಾತ್ಮಕ ಧನ’ ಅಂತಾರೆ. ಹೆಸರಲ್ಲಿ ದಯೆ ಅಂತಿದ್ದರೂ ಕೈ ಮುಗಿದು ಬೇಡೋದು ಬೇಡ. ನಿಯಮ ಇದೆ. ಕೇಳಿ ಪಡೆಯೋಣ.

ಹಸು ಸತ್ತ ದಿನ ಹೀಗೆ ಮಾಡಿ:

1. ಹೆಣ ಎಳೆಯಬೇಡಿ, ಹೂಳಬೇಡಿ. ಹೆಜ್ಜೆ ಗುರುತು ತುಳಿಯಬೇಡಿ.
2. ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ. ಫೋನ್ ಇದ್ದರೆ ಕಿವಿಯ ಓಲೆ ಕಾಣುವ ಹಾಗೆ ಫೋಟೋ ತೆಗೆಯಿರಿ.
3. ಪಶು ವೈದ್ಯರು ಹೆಣ ಪರೀಕ್ಷೆ ಮಾಡಿ ಕೊಡುವ ಪತ್ರ ಇಸಿದುಕೊಳ್ಳಿ.
4. ಅರ್ಜಿಯ ಜೊತೆ ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ನಕಲು ಇಡಿ.
5. ಅರ್ಜಿ ಕೊಟ್ಟಿದ್ದಕ್ಕೆ ಚೀಟಿ ಪಡೆಯಿರಿ. ದಿನಾಂಕ ಓದಿ ನೋಡಿ.

ಎರಡು ಫೋನ್ ನಂಬರ್ ಬರೆದುಕೊಳ್ಳಿ. ಅರಣ್ಯ ಇಲಾಖೆಗೆ 1926. ದನಕ್ಕೆ ಕಾಯಿಲೆಯಾದರೆ ಪಶು ಆಸ್ಪತ್ರೆಯ ಗಾಡಿಗೆ 1962. ಎರಡರಲ್ಲೂ ಅವೇ ಅಂಕಿ. ಕೊನೆಯಲ್ಲಿ 26 ಇದ್ದರೆ ಕಾಡು, 62 ಇದ್ದರೆ ದನ. ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಿನಲ್ಲಿ ದೊಡ್ಡದಾಗಿ ಬರೆಯಿರಿ.

ಅರ್ಜಿ ಹೀಗಿರಲಿ. ಈಗಲೇ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.

ಇವರಿಗೆ,
ವಲಯ ಅರಣ್ಯ ಅಧಿಕಾರಿಗಳು,
................ ವಲಯ.

ಇವರಿಂದ,
ಹೆಸರು ................
ಊರು ................ ತಾಲ್ಲೂಕು ................

ವಿಷಯ: ಕಾಡುಪ್ರಾಣಿ ಹಸು ಕೊಂದದ್ದಕ್ಕೆ ಪರಿಹಾರ ಕೋರಿ.

ಮಾನ್ಯರೇ,
ನಾನು ಮೇಲಿನ ಊರಿನಲ್ಲಿ ದನ ಸಾಕಿ ಜೀವನ ಮಾಡುತ್ತಿದ್ದೇನೆ. ದಿನಾಂಕ ........ ರಂದು ಮೇಯಲು ಹೋದ ನನ್ನ ಹಸುವನ್ನು ........ ಎಂಬ ಜಾಗದಲ್ಲಿ ಕಾಡುಪ್ರಾಣಿ ಕೊಂದಿದೆ. ಹಸುವಿನ ಬಣ್ಣ ........, ವಯಸ್ಸು ......... ಕಿವಿ ಓಲೆಯ ಸಂಖ್ಯೆ ................ ದಯವಿಟ್ಟು ಸ್ಥಳಕ್ಕೆ ಬಂದು ನೋಡಿ, ನಿಯಮದ ಪ್ರಕಾರ ಪರಿಹಾರ ಕೊಡಿಸಬೇಕಾಗಿ ಕೋರುತ್ತೇನೆ.

ದಿನಾಂಕ ........
ಸಹಿ ................

ನೋಡಿ, ಇದರಲ್ಲಿ ಕಷ್ಟದ ಮಾತು ಒಂದೂ ಇಲ್ಲ. ಹೆಬ್ಬೆಟ್ಟು ಒತ್ತುವ ಜಾಗದಲ್ಲಿ ಈಗ ನಿಮ್ಮ ಸಹಿ ಬೀಳುತ್ತದೆ. ಬೇರೆಯವರು ಬರೆದ ಕಾಗದಕ್ಕೆ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಬೇಕಾಗಿಲ್ಲ. ಬರೆಯೋಕೆ ಕೂಲಿ ಕೊಡಬೇಕಾಗಿಲ್ಲ. ಕಿವಿ ಓಲೆಯ 12 ಅಂಕಿ ಬರೆದಿಡಿ ಅಂದೆವಲ್ಲ, ಅದು ಇದಕ್ಕೇ. ದನಕ್ಕೆ ವಿಮೆ ಮಾಡಿಸೋಕೂ ಅದೇ ಸಂಖ್ಯೆ ಬೇಕು. ವಿಮೆ ಬಗ್ಗೆ ಪಶು ಆಸ್ಪತ್ರೆಯಲ್ಲಿ ಕೇಳಿ.

ಕೊನೆಯ ಮಾತು

ಪುಣ್ಯಕೋಟಿಯ ಕತೆ ನಮಗೆಲ್ಲ ಗೊತ್ತು. ಆ ಕತೆಯ ಹುಲಿಗೆ ಹಸುವಿನ ಮಾತು ಅರ್ಥವಾಯಿತು. ನಮ್ಮ ಗುಡ್ಡದ ಹುಲಿಗೆ ಮಾತು ಬರೋಲ್ಲ, ನ್ಯಾಯ ಅನ್ಯಾಯ ಗೊತ್ತಿಲ್ಲ. ಅದಕ್ಕೆ ಹಸಿವು ಮಾತ್ರ ಗೊತ್ತು. ಬುದ್ಧಿ ಇರೋದು ನಮಗೆ. ಅದಕ್ಕೇ ಎಚ್ಚರ ವಹಿಸಬೇಕಾದವರೂ ನಾವೇ.

ಕಾಡು ಇಲ್ಲದೆ ನಮಗೂ ಬದುಕಿಲ್ಲ. ಹಳ್ಳದ ನೀರು ಆ ಕಾಡಿನದ್ದು. ಸೊಪ್ಪು, ಸೌದೆ, ದನದ ಮೇವು ಆ ಕಾಡಿನದ್ದು. ಕಡವೆ, ಹಂದಿ ಗದ್ದೆಗೆ ಬಂದರೆ ಬೈಯ್ಯುತ್ತೇವೆ. ಅವುಗಳನ್ನು ತಿಂದು ಕಡಿಮೆ ಮಾಡೋದು ಅದೇ ಹುಲಿ, ಅದೇ ಚಿರತೆ.

ಮನೆಗೆ ಹೋಗುವ ಮೊದಲು ನಿಮ್ಮ ನಿಮ್ಮಲ್ಲೇ ಕೂತು ಮಾತಾಡಿ:

ನಮ್ಮ ಊರಿನಲ್ಲಿ ಯಾರ ಕೊಟ್ಟಿಗೆಗೆ ಬಾಗಿಲಿಲ್ಲ? ಮೊದಲು ಯಾರಿಗೆ ಸಹಾಯ ಮಾಡೋಣ?
ದನ ಕಾಯೋಕೆ ಪಾಳಿ ಹಾಕಿಕೊಳ್ಳಬಹುದಾ?
ಈ ಬೇಸಿಗೆಯಲ್ಲಿ ತರಗಿನ ಬದಲು ಕೊಟ್ಟಿಗೆಗೆ ಏನು ಹಾಸೋಣ?
ಯಾರಿಗಾದರೂ ಅರ್ಜಿ ಬರೆಯೋಕೆ ಕಷ್ಟವಾದರೆ ಜೊತೆಗೆ ಯಾರು ಕೂರುತ್ತಾರೆ?

ಒಬ್ಬರ ಹಸು ಹೋದ ದಿನ ಹತ್ತು ಜನ ಹೆಂಗಸರು ಅವರ ಅಂಗಳದಲ್ಲಿ ನಿಂತರೆ, ಆ ಮನೆಯಲ್ಲಿ ಯಾರೂ ವಿಷದ ಬಾಟಲಿ ತೆಗೆಯೋಲ್ಲ. ಕಚೇರಿಯಲ್ಲೂ ಅರ್ಜಿಯನ್ನು ಪಕ್ಕಕ್ಕೆ ಇಡೋಲ್ಲ.

ಹಲಗೆ ಮೇಲಿನ ನಾಲ್ಕು ಮಾತು ಪುಸ್ತಕದಲ್ಲಿ ಬರೆದುಕೊಂಡಿದ್ದೀರಾ? ಸರಿ. ಹೊತ್ತಾಯಿತು. ಗುಂಪಾಗಿ ಹೋಗಿ, ಮಾತಾಡ್ತಾ ಹೋಗಿ. ದನ ಎಣಿಸಿ ಕಟ್ಟಿ. ಬಾಗಿಲ ಚಿಲಕ ಹಾಕಿ.